ತುತ್ತಿನ ಪಾಪ ಯಾರದು?

ನೀಲಗಿರಿಯ ಬಡಗರಲ್ಲಿ ಒಂದು ಹಳೆಯ ಸಂಪ್ರದಾಯವುಂಟು. ಯಾರಾದರೂ ತೀರಿಕೊಂಡಾಗ ಶವಸಂಸ್ಕಾರದ ಒಂದು ಘಟ್ಟದಲ್ಲಿ ಹಿರಿಯರೊಬ್ಬರು ಮುಂದೆ ಬಂದು, ಸತ್ತವರೂ ಅವರ ಹಿಂದಿನವರೂ ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ. ಹಿಂದೆಲ್ಲ ಆ ಪಾಪಗಳನ್ನು ಒಂದು ಕರುವಿನ ಮೇಲೆ ಹೊರಿಸಿ, ಕರುವನ್ನು ಬಿಟ್ಟುಬಿಡುತ್ತಿದ್ದರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಅಂಥದೊಂದು ಪಟ್ಟಿ ಸಿಗುತ್ತದೆ. ಅಣ್ಣತಮ್ಮಂದಿರನ್ನು ಅಗಲಿಸಿದ್ದು, ಗಡಿಕಲ್ಲು ಸರಿಸಿದ್ದು, ಹಾವು ಹಲ್ಲಿ ಕೊಂದದ್ದು, ನೀರು ಹೊಲಸು ಮಾಡಿದ್ದು, ದಾರಿಹೋಕರಿಗೆ ತಪ್ಪು ದಾರಿ ತೋರಿಸಿದ್ದು, ಹಾಲು ಹೆಚ್ಚು ಕೊಡುವ ಎಮ್ಮೆಯನ್ನು ಕಂಡು ಕರುಬಿದ್ದು, ಸೊಸೆಯನ್ನು ಗೋಳುಹೊಯ್ದುಕೊಂಡದ್ದು, ಮೇಲಿನವರಿಗೆ ಚಾಡಿ ಹೇಳಿದ್ದು, ಜನರ ಮೇಲೆ ಸಿಟ್ಟಾದದ್ದು ಎಲ್ಲವೂ ಅದರಲ್ಲಿ ಪಾಪವೇ. ಊಟದ ವಿಷಯವೂ ಬರುತ್ತದೆ. ಅನ್ನಕ್ಕೆ ವಿಷ ಬೆರೆಸಿದ್ದು ಪಾಪ, ಹಸಿದವನಿಗೆ ಉಣಿಸದೆ ಹೋದದ್ದು ಪಾಪ. ಹೆಚ್ಚು ತಿಂದದ್ದು ಮಾತ್ರ ಆ ಪಟ್ಟಿಯಲ್ಲಿಲ್ಲ.

ಪಟ್ಟಿಯಲ್ಲಿ ಇಲ್ಲದ್ದನ್ನೇ ಸಾಕ್ಷಿ ಮಾಡಿಕೊಳ್ಳುವುದರಲ್ಲಿ ಅಪಾಯವಿದೆ ಎಂದು ಬಲ್ಲೆ. ರಾಗಿ, ಸಾಮೆ, ಕೊರಲೆಯ ಮೇಲೆ ಬದುಕಿದ ಬೆಟ್ಟದ ಹಟ್ಟಿಗಳಲ್ಲಿ ಮಿತಿಮೀರಿ ತಿನ್ನುವಷ್ಟು ಇತ್ತೆಲ್ಲಿ, ಅದನ್ನು ಪಾಪವೆಂದು ಎಣಿಸಲು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೂ ಆ ಪಟ್ಟಿ ಯಾವ ಕಡೆ ಮುಖ ಮಾಡಿದೆ ಎಂಬುದು ಸ್ಪಷ್ಟ. ಅದಕ್ಕೆ ಪಾಪ ಎಂದರೆ ಬಹುಮಟ್ಟಿಗೆ ಒಬ್ಬರು ಇನ್ನೊಬ್ಬರಿಗೆ ಮಾಡುವಂಥದ್ದು. ಹೊಟ್ಟೆಯೊಳಗೆ ಏನು ಹೋಯಿತು ಎನ್ನುವುದಕ್ಕಿಂತ ಎದುರಿಗಿದ್ದವರ ಜತೆ ಹೇಗೆ ನಡೆದುಕೊಂಡೆ ಎನ್ನುವುದು ಅದಕ್ಕೆ ಮುಖ್ಯ. ಮತ್ತೊಂದು ಮಾತು. ಪಾಪವನ್ನು ಅಲ್ಲಿ ಒಮ್ಮೆ, ಎಲ್ಲರೆದುರು ಹೇಳಿ, ಅಲ್ಲಿಗೆ ಬಿಟ್ಟುಬಿಡುತ್ತಾರೆ. ದಿನಕ್ಕೆ ಮೂರು ಹೊತ್ತು ಎಲೆಯ ಮುಂದೆ ಕೂತವರಿಗೆ ಎತ್ತಿ ಆಡುವುದಿಲ್ಲ. ತನ್ನ ಕೈಮೀರಿ ತಿನ್ನುವ ಕಾಯಿಲೆಯಿಂದ ಹೊರಬರಲು ಹೆಣಗುತ್ತಿರುವ ಮಗಳು, ಗಂಡ, ತಂಗಿ ಅಥವಾ ಗೆಳೆಯನ ಜತೆ ನಾವು ಹೇಗಿರಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ನಾನು ಈ ಎರಡು ಅಂಶಗಳನ್ನು ಹಿಡಿದುಕೊಂಡು ಹೊರಡುತ್ತೇನೆ. ಪ್ರೀತಿಸುವವರ ಕೆಲಸ ತುತ್ತಿಗೆ ಕಾವಲು ಕೂರುವುದಲ್ಲ, ಊಟದ ಜಾಗದಿಂದ ತೀರ್ಪನ್ನು ಹೊರಗಿಡುವುದು ಎಂಬುದು ನನ್ನ ವಾದ.

ಮೊದಲು ಕಾಯಿಲೆಯ ವಿಚಾರ. ಹಬ್ಬದ ದಿನ ಒಬ್ಬಟ್ಟು ನಾಲ್ಕು ಹೆಚ್ಚಾಗಿ ಹೊಟ್ಟೆ ಭಾರವಾಗುವುದು ಕಾಯಿಲೆಯಲ್ಲ. ವೈದ್ಯರು ಬಿಂಜ್ ಈಟಿಂಗ್ ಎನ್ನುವುದು ಬೇರೆ. ಅಮೆರಿಕದ ಆಲ್ಬರ್ಟ್ ಸ್ಟಂಕರ್ಡ್ 1959ರಲ್ಲೇ ಇದನ್ನು ಗುರುತಿಸಿ ಬರೆದರು. ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಇದಕ್ಕೆ ಸ್ವತಂತ್ರ ಕಾಯಿಲೆಯ ಸ್ಥಾನ ಕೊಟ್ಟದ್ದು 2013ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ಆವೃತ್ತಿಯ ರೋಗಪಟ್ಟಿಯಲ್ಲೂ ಇದೆ, ಅದು ಜಾರಿಗೆ ಬಂದದ್ದು 2022ರಲ್ಲಿ. ಅಮೆರಿಕದ ಕೈಪಿಡಿಯ ಲೆಕ್ಕದಲ್ಲಿ, ವಾರಕ್ಕೆ ಕನಿಷ್ಠ ಒಮ್ಮೆಯಂತೆ ಮೂರು ತಿಂಗಳು, ಸ್ವಲ್ಪವೇ ಹೊತ್ತಿನಲ್ಲಿ ಬೇರೆಯವರು ತಿನ್ನಲಾರದಷ್ಟನ್ನು ತಿನ್ನುವುದು, ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು ಇದರ ಲಕ್ಷಣ. ಕಣ್ಣಿಗೆ ಕಟ್ಟುವಂತೆ ಹೇಳಬೇಕೆಂದರೆ, ಊಟಿಯ ಒಂದು ಮನೆಯಲ್ಲಿ ಎಲ್ಲರೂ ಕಂಬಳಿ ಹೊದ್ದು ಮಲಗಿದ ಮೇಲೆ ಅಡುಗೆಮನೆಯ ಲೈಟು ಹಾಕದೆ, ಡಬ್ಬಿಯ ಮುಚ್ಚಳ ಸದ್ದಾಗದ ಹಾಗೆ ತೆಗೆದು, ಹಸಿವೇ ಇಲ್ಲದಿದ್ದರೂ ಬೇಕರಿಯ ವರ್ಕಿಯನ್ನು ಒಂದರ ಮೇಲೊಂದು, ರುಚಿ ನೋಡುವಷ್ಟೂ ವ್ಯವಧಾನವಿಲ್ಲದೆ ನುಂಗಿ, ಖಾಲಿ ಪೊಟ್ಟಣವನ್ನು ಬೀರುವಿನ ಹಿಂದೆ ತುರುಕಿ, ನೆಲಕ್ಕೆ ಬಿದ್ದ ಪುಡಿಯನ್ನು ಬೆರಳಲ್ಲಿ ಒತ್ತಿ ತೆಗೆದು, ಆಮೇಲೆ ತನ್ನ ಮೇಲೆ ತಾನೇ ಹೇಸಿಕೊಂಡು ಬೆಳಗಿನವರೆಗೆ ಎದ್ದು ಕೂರುವುದು. ಇದರಲ್ಲಿ ಸುಖವಿಲ್ಲ. ಇದನ್ನು ನಾಲಿಗೆ ಚಪಲ ಎನ್ನುವವರು ಚಪಲವನ್ನೂ ಸರಿಯಾಗಿ ನೋಡಿಲ್ಲ. ಚಪಲಕ್ಕೆ ರುಚಿ ಬೇಕು, ಇಲ್ಲಿ ರುಚಿಗೆ ಪುರುಸೊತ್ತೇ ಇರುವುದಿಲ್ಲ.

ಆದರೆ ಮನೆಯಲ್ಲಿ ಸಿಗುವ ಬಿರುದುಗಳೇ ಬೇರೆ: ಹೊಟ್ಟೆಬಾಕ, ತಿಂಡಿಪೋತ, ಬಕಾಸುರ. ಬಕಾಸುರನ ಕತೆಯಲ್ಲಿ ಬಂಡಿ ಅನ್ನವನ್ನು ಕೂತು ತಿಂದು ಮುಗಿಸಿದವನು ಭೀಮ ಎಂಬುದನ್ನು ಯಾರೂ ನೆನೆಯುವುದಿಲ್ಲ. ಭಿಕ್ಷೆಯಲ್ಲಿ ಬಂದದ್ದರ ಅರ್ಧವನ್ನು ಕುಂತಿ ಅವನೊಬ್ಬನಿಗೇ ಎತ್ತಿಡುತ್ತಿದ್ದಳು, ಉಳಿದರ್ಧ ಮಿಕ್ಕವರಿಗೆಲ್ಲ. ಮಹಾಭಾರತಕ್ಕೆ ಪ್ರಮಾಣ ಮುಖ್ಯವಲ್ಲ, ಯಾರ ಪಾಲನ್ನು ಯಾರು ಕಿತ್ತು ತಿಂದರು ಎಂಬುದು ಮುಖ್ಯ. ನಮ್ಮ ಮನೆಗಳಿಗೆ ಈ ವಿವೇಕ ಇಲ್ಲ. ಗಂಡುಮಗ ಮೂರು ಮುದ್ದೆ ಉಂಡರೆ ಭೀಮ, ಸೊಸೆ ಎರಡನೆಯ ಸಲ ಅನ್ನ ಬಡಿಸಿಕೊಂಡರೆ ಬಕಾಸುರ! ಮನೆಯ ಹೆಣ್ಣುಮಕ್ಕಳು ಎಲ್ಲರದೂ ಆದ ಮೇಲೆ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಒಬ್ಬರೇ ಕೂತು ಉಣ್ಣುವ ಪದ್ಧತಿ ಎಷ್ಟು ಮನೆಗಳಲ್ಲಿ ಈ ಕಾಯಿಲೆಗೆ ಮರೆಯಾಗಿದೆಯೋ.

ಈಗ ಸಂಯಮದ ಪ್ರಶ್ನೆಗೆ ಬರೋಣ, ಧರ್ಮದ ನಿಜವಾದ ಆಕ್ಷೇಪ ಇರುವುದು ಇಲ್ಲಿ. ಇಂದ್ರಿಯನಿಗ್ರಹವನ್ನು ಎಲ್ಲ ಮತಗಳೂ ಹೇಳುತ್ತವೆ. ಗಟ್ಟಿ ಮನಸ್ಸು ಮಾಡಿದರೆ ಬಿಡಲು ಬಾರದ್ದು ಯಾವುದಿದೆ, ನಾಲ್ಕು ಏಕಾದಶಿ ಮಾಡಿದರೆ ಸರಿಹೋಗುತ್ತದೆ ಎನ್ನುವ ಹಿರಿಯರ ಮಾತಿನ ಹಿಂದೆ ಇರುವುದು ಈ ನಂಬಿಕೆ. ಇದಕ್ಕೆ ನಾನು ಕಂಡ ಅತ್ಯಂತ ಬಲವಾದ ಉತ್ತರ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಿಂದ ಬಂದದ್ದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಯುರೋಪಿನ ಹಸಿದ ಜನರಿಗೆ ಮತ್ತೆ ಉಣಿಸುವುದು ಹೇಗೆ ಎಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ಆ ಯುವಕರು ಯಾರು ಗೊತ್ತೇ? ಆತ್ಮಸಾಕ್ಷಿ ಒಪ್ಪದು ಎಂದು ಯುದ್ಧಕ್ಕೆ ಹೋಗಲು ನಿರಾಕರಿಸಿದವರು, ಅವರಲ್ಲಿ ಅನೇಕರು ಅಹಿಂಸೆಯನ್ನು ಧರ್ಮವೆಂದು ನಂಬಿದ ಕ್ರೈಸ್ತ ಪಂಥಗಳವರು. ಇಡೀ ದೇಶ ಹೇಡಿಗಳೆಂದು ಜರೆದಾಗಲೂ ಬಗ್ಗದವರು. ಮನೋಬಲದಲ್ಲಿ ಅವರಿಗಿಂತ ಗಟ್ಟಿಗರನ್ನು ಹುಡುಕುವುದು ಕಷ್ಟ. ಅಂಥವರು ಹಗಲೂ ರಾತ್ರಿ ಊಟದ ಮಾತೇ ಆಡತೊಡಗಿದರು, ಅಡುಗೆ ಪುಸ್ತಕಗಳನ್ನು ಓದಿದರು. ಕೆಲವರು ನಿಯಮ ಮುರಿದು ಕದ್ದು ತಿಂದು ಆಮೇಲೆ ತಮ್ಮನ್ನೇ ಶಪಿಸಿಕೊಂಡರು. ಹೊಟ್ಟೆತುಂಬ ಊಟ ಮತ್ತೆ ಸಿಕ್ಕ ಮೇಲೂ ಹಲವರಿಗೆ ಎಷ್ಟು ತಿಂದರೂ ತುಂಬಿತು ಎನಿಸಲಿಲ್ಲ. 1950ರಲ್ಲಿ ಎರಡು ಸಂಪುಟಗಳಲ್ಲಿ ಇದರ ವರದಿ ಬಂತು. ಪ್ರಯೋಗಕ್ಕೆ ಮುಂಚೆ ಇವರಲ್ಲಿ ಯಾರೂ ಹೊಟ್ಟೆಬಾಕರಾಗಿರಲಿಲ್ಲ. ಹಸಿವನ್ನು ಬಲವಂತವಾಗಿ ಅದುಮಿದ್ದೇ ಅವರನ್ನು ಆ ಸ್ಥಿತಿಗೆ ತಂದಿತು.

ಇದನ್ನು ಓದಿದವರಿಗೆ ಭಗವದ್ಗೀತೆಯ ಎರಡನೆಯ ಅಧ್ಯಾಯ ನೆನಪಾಗದೆ ಇರದು. ಆಹಾರ ಬಿಟ್ಟವನಿಂದ ವಿಷಯಗಳು ದೂರ ಸರಿದರೂ ಅವುಗಳ ರುಚಿ ಒಳಗೆ ಉಳಿದೇ ಇರುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ. ಆರನೆಯ ಅಧ್ಯಾಯವಂತೂ ಅತಿಯಾಗಿ ತಿನ್ನುವವನನ್ನೂ ಏನೂ ತಿನ್ನದವನನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಇಬ್ಬರಿಗೂ ಯೋಗ ದಕ್ಕದು ಎನ್ನುತ್ತದೆ. ನಾವು ಆ ಮಾತಿನ ಅರ್ಧವನ್ನಷ್ಟೇ ಉಪದೇಶಕ್ಕೆ ಬಳಸುತ್ತ ಬಂದಿದ್ದೇವೆ. ಈ ಎರಡು ಅತಿಗಳ ನಡುವೆ ಕಾರಣ ಮತ್ತು ಕಾರ್ಯದ ಸಂಬಂಧವಿದೆ ಎಂಬುದನ್ನು ಈಗಿನ ಮನಶ್ಶಾಸ್ತ್ರ ತೋರಿಸಿಕೊಟ್ಟಿದೆ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬಿಬ್ಬರು ಮಾಡಿದ ಪ್ರಯೋಗದಲ್ಲಿ, ಸದಾ ಪಥ್ಯದಲ್ಲಿರುವವರು ಮೊದಲು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮನ್ನು ಕಡಿಮೆ ತಿನ್ನುವ ಬದಲು ಹೆಚ್ಚೇ ತಿಂದರು. ವ್ರತ ಹೇಗೂ ಕೆಟ್ಟಿತು, ಇನ್ನೇನು ಎಂಬ ಮನಃಸ್ಥಿತಿ ಅದು. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಚಿಕಿತ್ಸೆಯ ಆರಂಭದ ಹಂತದಲ್ಲಿ ಮುಖ್ಯವಾದದ್ದು ಉಪವಾಸವಲ್ಲ, ಹೊತ್ತುಹೊತ್ತಿಗೆ ಊಟ. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ, ನಾಲ್ಕು ಗಂಟೆಗಿಂತ ಹೆಚ್ಚು ಬಿಡುವಿಲ್ಲ. ನಿನ್ನೆ ರಾತ್ರಿ ಕೈಮೀರಿ ತಿಂದಿದ್ದರೂ ಇಂದು ಬೆಳಿಗ್ಗೆ ತಿಂಡಿ ತಪ್ಪಿಸುವಂತಿಲ್ಲ. ಕೇಳಲು ಸುಲಭ, ಆದರೆ ಇಲ್ಲಿಯೇ ಮನೆಯವರು ಬೇಕಾಗುವುದು. ಹನ್ನೊಂದು ಗಂಟೆಯ ಚಹಾದ ಜತೆ ಏನಾದರೂ ಇಡುವುದು, ಮಧ್ಯಾಹ್ನದ ಹಿಟ್ಟು ಅವರೆ ಉದಕವನ್ನು ಜತೆಗೆ ಕೂತು ಉಣ್ಣುವುದು, ನಿನ್ನೆಯದನ್ನು ಎತ್ತದೆ ಹೊಲದ ಕ್ಯಾರೆಟ್ಟಿನ ರೇಟಿನ ಬಗ್ಗೆ ಮಾತಾಡುವುದು. ನೋಡಲು ಇದು ಏನೂ ಅಲ್ಲ, ಆದರೆ ಚಿಕಿತ್ಸೆಯ ಒಂದು ಮುಖ್ಯ ಭಾಗ ಇದೇ.

ಹಾಗಾದರೆ ಜವಾಬ್ದಾರಿ ಯಾರದು? ಕಾಯಿಲೆ ಎಂದುಬಿಟ್ಟರೆ ಮನುಷ್ಯನನ್ನು ಕೈಗೊಂಬೆ ಮಾಡಿದಂತಲ್ಲವೇ, ಅವನ ಸ್ವಾತಂತ್ರ್ಯವನ್ನೇ ಕಸಿದಂತಲ್ಲವೇ? ಇದು ಹಗುರಾದ ಆಕ್ಷೇಪವಲ್ಲ. ಕರ್ಮವನ್ನು ನಂಬುವ ಸಮಾಜ ಹೊಣೆಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲಾರದು, ಕೊಡಲೂಬಾರದು. ನನಗೆ ತೋರುವುದು ಇಷ್ಟು: ಹೊಣೆ ಇದೆ, ಆದರೆ ಅದು ನಾವು ಹುಡುಕುವ ಜಾಗದಲ್ಲಿಲ್ಲ. ತಿನ್ನುವಿಕೆ ಉಕ್ಕಿ ಬಂದ ಆ ಅರ್ಧ ಗಂಟೆಯಲ್ಲಿ ಸ್ವಾತಂತ್ರ್ಯ ತೀರಾ ಕಡಿಮೆ. ಅದರ ಮುಂಚಿನ ಇಪ್ಪತ್ತು ಗಂಟೆಗಳಲ್ಲಿ ಸಾಕಷ್ಟಿದೆ. ಬೆಳಿಗ್ಗೆ ತಿಂಡಿ ತಿನ್ನುವುದು, ಸಂಕಟ ಶುರುವಾದಾಗ ಒಬ್ಬರಿಗೆ ಹೇಳುವುದು, ಡಾಕ್ಟರ ಬಳಿ ಹೋಗುವುದು ಇವೆಲ್ಲ ಆಯ್ಕೆಗಳೇ. ಮತ್ತು ಆ ಇಪ್ಪತ್ತು ಗಂಟೆಗಳಲ್ಲಿ ರೋಗಿ ಒಂಟಿಯಾಗಿರುವುದಿಲ್ಲ, ನಾವೂ ಇರುತ್ತೇವೆ. ಆದ್ದರಿಂದ ಹೊಣೆಯಲ್ಲಿ ನಮ್ಮ ಪಾಲೂ ಇದೆ. ಬಡಗರ ಆ ಪಟ್ಟಿ ಸತ್ತವರ ಜತೆಗೆ ಹಿಂದಿನವರ ಪಾಪಗಳನ್ನೂ ಸೇರಿಸಿ ಹೇಳುತ್ತಿತ್ತು, ತಪ್ಪು ಒಬ್ಬರದೇ ಆಗಿರುವುದು ಅಪರೂಪ ಎಂಬುದು ಅದಕ್ಕೆ ತಿಳಿದಿತ್ತು.

ಹೊಣೆಯನ್ನು ಹಂಚಿಕೊಳ್ಳುವುದು ಹೇಗೆ ಎಂಬುದಕ್ಕೆ ಬೌದ್ಧರ ಸಂಯುತ್ತ ನಿಕಾಯದಲ್ಲಿ ಒಂದು ಹಳೆಯ ಪ್ರಸಂಗವಿದೆ, ದೋಣಪಾಕ ಸುತ್ತ. ಕೋಸಲದ ರಾಜ ಪಸೇನದಿ ದೋಣವೆಂಬ ದೊಡ್ಡ ಅಳತೆಯಷ್ಟು ಅನ್ನ ಉಂಡು, ಏದುಸಿರು ಬಿಡುತ್ತ ಬುದ್ಧನ ಬಳಿಗೆ ಬರುತ್ತಾನೆ. ಬುದ್ಧ ಬೈಯುವುದಿಲ್ಲ. ಊಟದಲ್ಲಿ ಎಚ್ಚರವಿದ್ದು ಮಿತಿ ಬಲ್ಲವನಿಗೆ ನೋವು ತಗ್ಗುತ್ತದೆ, ಆಯುಸ್ಸು ಉಳಿಯುತ್ತದೆ ಎಂಬರ್ಥದ ಒಂದು ಪದ್ಯ ಹೇಳುತ್ತಾನೆ, ಅಷ್ಟೇ. ರಾಜ ತನ್ನ ಹಿಂದೆ ನಿಂತಿದ್ದ ಸುದಸ್ಸನನೆಂಬ ಹುಡುಗನಿಗೆ ಅದನ್ನು ಕಲಿತುಕೊಂಡು ತನ್ನ ಊಟದ ಹೊತ್ತಿಗೆ ಹೇಳುವಂತೆ ತಾನೇ ಕೇಳಿಕೊಳ್ಳುತ್ತಾನೆ, ಅದಕ್ಕೆ ದಿನಕ್ಕೆ ನೂರು ಕಹಾಪಣ ನಾಣ್ಯ ಗೊತ್ತುಮಾಡುತ್ತಾನೆ. ಬರಬರುತ್ತ ರಾಜನ ಊಟ ನಾಳಿಕೆಯೆಂಬ ಸಣ್ಣ ಅಳತೆಗೆ ಇಳಿಯುತ್ತದೆ. ಈ ಕತೆಯ ಪದ್ಯಕ್ಕಿಂತ ಅದರೊಳಗಿನ ಏರ್ಪಾಡು ನನಗೆ ಮುಖ್ಯ. ನೆನಪಿಸುವವನನ್ನು ನೇಮಿಸಿದವನು ತಿನ್ನುವವನೇ. ಏನು ಹೇಳಬೇಕು, ಯಾವಾಗ ಹೇಳಬೇಕು ಎಂಬುದು ಮೊದಲೇ ಗೊತ್ತು. ಹುಡುಗ ತನ್ನದೇ ನಾಲ್ಕು ಮಾತು ಸೇರಿಸುವಂತಿಲ್ಲ. ಇಳಿಕೆ ಒಂದೇ ದಿನದ್ದಲ್ಲ. ರಾಜನ ಸ್ಥಿತಿಯೂ ಕದ್ದು ತಿಂದು ನರಳುವವರ ಸ್ಥಿತಿಯೂ ಒಂದೇ ಅಲ್ಲ ನಿಜ, ಪಸೇನದಿ ಎಲ್ಲರೆದುರೇ ಉಂಡವನು, ಅವನಿಗೆ ಲಜ್ಜೆಯ ಬಾಧೆ ಇರಲಿಲ್ಲ. ಆದ್ದರಿಂದ ಆ ಪದ್ಯವನ್ನು ಎಲೆಯ ಮುಂದೆ ಹೇಳಿರೆಂದು ನಾನು ಹೇಳುತ್ತಿಲ್ಲ. ಕೇಳಿದ ಸಹಾಯ ಮಾತ್ರ ಸಹಾಯ, ಕೇಳದೆ ಬಂದದ್ದು ಪೊಲೀಸುಗಿರಿ ಎಂಬ ಅದರ ಸೂತ್ರವನ್ನಷ್ಟೇ ತೆಗೆದುಕೊಳ್ಳುತ್ತೇನೆ. ತಿಂಡಿಯ ಡಬ್ಬಿಯನ್ನು ಎತ್ತರದ ಅಟ್ಟದಲ್ಲಿಡಿ ಎಂದು ಅವರೇ ಕೇಳಿದರೆ ಇಡಿ. ಕೇಳದೆ ಬೀಗ ಹಾಕಿದರೆ, ಬಾಯಿಬಿಟ್ಟು ಹೇಳದೆಯೂ ಕಳ್ಳಿ ಎಂದು ಕರೆದಂತೆ.

ಪೊಲೀಸುಗಿರಿ ಬರೀ ಒರಟುತನವಲ್ಲ, ಅದರಿಂದ ರೋಗವೂ ಮರುಕಳಿಸಬಹುದು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತವರ ಸಂಗಡಿಗರು ಶುರುಮಾಡಿದ ಒಂದು ಅಧ್ಯಯನ ಪರಂಪರೆ, ಮನೆಯವರ ಟೀಕೆ, ಹಗೆತನ ಮತ್ತು ಅತಿಯಾದ ಮೂಗುತೂರಿಸುವಿಕೆ ಮನೋರೋಗಿಗಳ ಮೇಲೆ ಏನು ಪರಿಣಾಮ ಮಾಡುತ್ತದೆ ಎಂದು ಅಳೆಯುತ್ತ ಬಂದಿದೆ. ಮೊದಲು ಅದನ್ನು ನೋಡಿದ್ದು ಸ್ಕಿಜೋಫ್ರೇನಿಯಾದಲ್ಲಿ. 1998ರಲ್ಲಿ ಬಟ್ಜ್‌ಲಾಫ್ ಮತ್ತು ಹೂಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಈ ಸಂಬಂಧ ಖಿನ್ನತೆಯಂಥ ಕಾಯಿಲೆಗಳಲ್ಲೂ ಊಟದ ಕಾಯಿಲೆಗಳಲ್ಲೂ ಸ್ಕಿಜೋಫ್ರೇನಿಯಾಕ್ಕಿಂತ ಬಲವಾಗಿ ಕಂಡಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ಮೊದಲರ್ಧವನ್ನು ರೋಗಿಯ ಮುಖಕ್ಕೆ ಎಸೆಯುವವರು, ಎರಡನೆಯ ಅರ್ಧ ತಮಗಾಗಿಯೇ ಇದೆ ಎಂದು ಯೋಚಿಸಿದ್ದಾರೆಯೇ? ಅತಿ ಕಾಳಜಿಯೂ ಆ ಅಧ್ಯಯನಗಳ ಲೆಕ್ಕದಲ್ಲಿ ಟೀಕೆಯ ಪಕ್ಕದಲ್ಲೇ ಬರುತ್ತದೆ ಎಂಬುದು ತಾಯಂದಿರಿಗೆ ಕಹಿ ಎನಿಸಬಹುದು. ಮಗಳು ಎದ್ದ ಕೂಡಲೇ ನಿನ್ನೆ ರಾತ್ರಿ ಏನೂ ಆಗಲಿಲ್ಲ ತಾನೇ ಎಂದು ಕೇಳುವುದರಲ್ಲಿ ಪ್ರೀತಿ ಇದೆ, ನಿಜ. ಆದರೆ ಕೇಳಿಸಿಕೊಳ್ಳುವವಳ ಪಾಲಿಗೆ ಅದು ಹಾಜರಿ.

ಹಾಗೆಂದು ಬಾಯಿ ಮುಚ್ಚಿಕೊಂಡಿದ್ದರೆ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಬಂದು ಕೂರುವುದಿಲ್ಲವೇ ಎಂದು ಕೇಳುವವರಿಗೆ ಉತ್ತರ ಇದು. ಮೌನವನ್ನು ನಾನು ಹೇಳುತ್ತಿಲ್ಲ, ಮಾತಿನ ಜಾಗವನ್ನು ಬದಲಿಸಿ ಎನ್ನುತ್ತಿದ್ದೇನೆ. ಎಲೆ ಎತ್ತಿದ ಮೇಲೆ, ಬೇರೆಯವರಿಲ್ಲದಾಗ, ತೂಕದ ಮಾತು ಬಿಟ್ಟು ಸಂಕಟದ ಮಾತನ್ನು ಆಡಬಹುದು. ಇಷ್ಟೇಕೆ ತಿಂದೆ ಎಂಬುದಕ್ಕಿಂತ ಇತ್ತೀಚೆಗೆ ತುಂಬ ಕಷ್ಟವಾಗುತ್ತಿದೆಯಾ ಎಂಬ ಪ್ರಶ್ನೆ ದೂರ ಸಾಗುತ್ತದೆ. ಇನ್ನು ನಮ್ಮದೇ ಒಂದು ವಿಚಿತ್ರ ನಡವಳಿಕೆಯಿದೆ, ಅದನ್ನೂ ಇಲ್ಲೇ ಹೇಳಿಬಿಡಬೇಕು. ಮದುವೆಯಲ್ಲಿ, ದೇವರ ಹಬ್ಬದಲ್ಲಿ, ನೆಂಟರ ಮನೆಯಲ್ಲಿ, ಬೇಡ ಬೇಡ ಎಂದು ಕೈ ಅಡ್ಡ ಹಿಡಿದರೂ ಪ್ರಸಾದ, ಬಿಡಬಾರದು ಎಂದು ಬಲವಂತವಾಗಿ ಬಡಿಸುವವರೂ ನಾವೇ, ಮರುದಿನ ದಪ್ಪಗಾಗಿದ್ದೀಯ ಎನ್ನುವವರೂ ನಾವೇ. ಚೇತರಿಸಿಕೊಳ್ಳುತ್ತಿರುವವರಿಗೆ ಇವೆರಡರಲ್ಲಿ ಯಾವುದು ಹೆಚ್ಚು ಕಷ್ಟ ಎಂದು ಹೇಳಲಾರೆ.

ವ್ರತದ ಮಾತು ಉಳಿಯಿತು. ಕೋತಗಿರಿ ಬಳಿಯ ಬೇರಗಣಿಯ ಹೆತ್ತೆ ಹಬ್ಬಕ್ಕೆ, ಮಸಿನಗುಡಿಯ ಬೊಕ್ಕಾಪುರದ ಮಾರಿಯಮ್ಮನ ಜಾತ್ರೆಗೆ ವ್ರತ ಹಿಡಿಯುವವರಿದ್ದಾರೆ. ಗೂಡಲೂರಿನ ಮಸೀದಿಗಳ ಸುತ್ತ ರಂಜಾನ್, ಊಟಿ ಕೂನೂರಿನ ಚರ್ಚುಗಳಲ್ಲಿ ತಪಸ್ಸಿನ ಕಾಲ. ಉಪವಾಸಕ್ಕೆ ಬೆಲೆಯಿಲ್ಲ ಎಂದು ನಾನು ವಾದಿಸುವುದಿಲ್ಲ, ಆರೋಗ್ಯವಂತರಿಗೆ ಅದು ಕೊಡುವ ಹಗುರವನ್ನು ಯಾವ ಮನೋವೈದ್ಯರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಈ ಮತಗಳು ಕಾಯಿಲೆಯವರಿಗೆ ವಿನಾಯಿತಿಯನ್ನು ಮೊದಲೇ ಬರೆದಿಟ್ಟಿವೆ. ಕುರಾನಿನ ಎರಡನೆಯ ಅಧ್ಯಾಯ ರೋಗಿಗೆ ಬೇರೆ ದಿನಗಳನ್ನು ಕೊಡುತ್ತದೆ, ಉಪವಾಸ ಮಾಡಲಾಗದವರು ಬಡವರಿಗೆ ಉಣಿಸುವುದನ್ನು ಅದರ ಬದಲಿಗೆ ಒಪ್ಪುತ್ತದೆ. ಕ್ಯಾಥೊಲಿಕರ ನಿಯಮದಲ್ಲಿ ಉಪವಾಸದ ಕಟ್ಟು ಹದಿನೆಂಟಕ್ಕೆ ಶುರುವಾಗಿ ಐವತ್ತೊಂಬತ್ತು ತುಂಬಿದ ಮೇಲೆ ಇರುವುದಿಲ್ಲ, ಕಾಯಿಲೆಯವರಿಗೆ ಯಾವ ವಯಸ್ಸಿನಲ್ಲೂ ಇಲ್ಲ. ಮಕ್ಕಳು, ಮುದುಕರು, ರೋಗಿಗಳಿಗೆ ಏಕಾದಶಿಯನ್ನು ಕಡ್ಡಾಯ ಮಾಡದ ಪದ್ಧತಿ ನಮ್ಮ ಮನೆಗಳಲ್ಲೂ ಉಂಟು. ತೊಡಕಿರುವುದು ಶಾಸ್ತ್ರದಲ್ಲಲ್ಲ. ಜ್ವರ ಬಂದವನಿಗೆ ಕೊಡುವ ವಿನಾಯಿತಿಯನ್ನು ಈ ಕಾಯಿಲೆಗೆ ಕೊಡಲು ಮನೆಯವರು ಒಪ್ಪದಿರುವುದರಲ್ಲಿ. ವ್ರತ ಬಿಟ್ಟವರ ಹೆಸರಿನಲ್ಲಿ ಅಂದು ಒಬ್ಬರಿಗೆ ಊಟ ಹಾಕಿದರೆ ಧರ್ಮ ಉಳಿಯಿತು, ರೋಗಿಯೂ ಉಳಿದರು.

ಇದೆಲ್ಲ ಉಂಡು ತೇಗುವವರ ಕಾಯಿಲೆ, ಎಸ್ಟೇಟಿನ ಲೈನ್ ಮನೆಗಳಿಗೂ ಆದಿವಾಸಿ ಹಾಡಿಗಳಿಗೂ ಇದೇಕೆ ಎಂಬ ಕೊನೆಯ ಆಕ್ಷೇಪ ಬೇಗ ಬೀಳುತ್ತದೆ. ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಉಚಿತ ಆಹಾರ ಕೇಂದ್ರಗಳಿಗೆ ಬರುವ ಬಡವರ ನಡುವೆ ಕ್ಯಾರೊಲಿನ್ ಬೆಕರ್ ಮತ್ತವರ ತಂಡ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟಕ್ಕೆ ಅಭದ್ರತೆ ಹೆಚ್ಚಿದಷ್ಟೂ ಮಿತಿಮೀರಿ ತಿನ್ನುವುದು ಹೆಚ್ಚು ಕಂಡುಬಂತು. ಮಿನೆಸೋಟದ ಯುವಕರಿಗೆ ವಿಜ್ಞಾನಿ ಹೇರಿದ ಹಸಿವನ್ನು ಬಡವರಿಗೆ ತಿಂಗಳ ಕೊನೆಯ ವಾರ ಹೇರುತ್ತದೆ. ಕೂಲಿ ಬಟವಾಡೆಯ ದಿನ ಒಂದೇ ಸಲ ತಿಂದು, ಮುಂದಿನ ದಿನಗಳಲ್ಲಿ ಅರೆಹೊಟ್ಟೆ ಇರುವ ಮನೆಯಲ್ಲಿ ಈ ಕಾಯಿಲೆ ಇದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟೇ.

ಬೆಟ್ಟದ ಮೇಲೆ ಡಾಕ್ಟರು ಸಿಗುವುದು ಸುಲಭವಲ್ಲ ಎಂಬ ಮಾತು ಹಿಂದಿನಷ್ಟು ನಿಜವಲ್ಲ. ಉದಕಮಂಡಲಕ್ಕೆ 2022ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು. ಕಾಯಿಲೆಯವರಷ್ಟೇ ಅಲ್ಲ, ಅವರ ಮನೆಯವರೂ ಕರೆ ಮಾಡಬಹುದು. ನಿಮ್ಮವರ ಪರವಾಗಿ ಫೋನು ಎತ್ತಿಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ: ಮಾಡಲೇ ಎಂದು ಅವರನ್ನೇ ಕೇಳಿ.